ಹಳೆಯ ವೀಡಿಯೊದಿಂದ ಭಾವಚಿತ್ರವನ್ನು ತೆಗೆಯುವ ಕ್ರಮ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಎಷ್ಟೋ ಮನೆಗಳಲ್ಲಿ ಮದುವೆಯ ವೀಡಿಯೊ ಟೇಪುಗಳು ಕಪಾಟಿನ ಮೂಲೆಯಲ್ಲಿ ಉಳಿದಿವೆ. ತೀರಿಹೋದ ಅಜ್ಜಿಯ ಮುಖವು ಬೇರೆಲ್ಲಿಯೂ ಇಲ್ಲದೆ, ಅಂಥದೊಂದು ಟೇಪಿನಲ್ಲಿ ನಾಲ್ಕು ಕ್ಷಣ ಮಾತ್ರ ಕಾಣುವುದುಂಟು. ಅದನ್ನು ಕಾಗದಕ್ಕಿಳಿಸುವ ಬಗೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಕೇಳುತ್ತಿರುವುದರಿಂದ ಈ ಪಾಠವನ್ನು ಬರೆಯುತ್ತೇವೆ.

ಚಲಿಸುವ ಚಿತ್ರವೆಂಬುದು ನಿಶ್ಚಲ ಚಿತ್ರಗಳ ಮಾಲೆಯಾಗಿದೆ. ನಮ್ಮ ದೇಶದ ಟೇಪುಗಳಲ್ಲಿ ಸೆಕೆಂಡಿಗೆ ೨೫ ಚಿತ್ರಗಳಿರುತ್ತವೆ. ಆದರೆ ಎಲ್ಲವೂ ಸ್ಪಷ್ಟವಾಗಿರುವುದಿಲ್ಲ. ಯಕ್ಷಗಾನದ ಮಂಡಿಕುಣಿತವನ್ನು ನೆನೆಯಿರಿ. ವೇಷವು ಸುತ್ತುವಾಗ ಮುಖವು ಮಸುಕಾಗಿರುತ್ತದೆ. ಸುತ್ತು ಮುಗಿಸಿ ನಿಂತಾಗ ಕಣ್ಣು ಹುಬ್ಬುಗಳು ಕಾಣುತ್ತವೆ. ಅಂಥ ನಿಂತ ಗಳಿಗೆಯನ್ನೇ ನಾವು ಹುಡುಕತಕ್ಕದ್ದು.

ಮೊದಲು ಟೇಪನ್ನು ಗಣಕಯಂತ್ರದ ಕಡತವಾಗಿ ಮಾಡಿಸಿಕೊಳ್ಳಬೇಕು. ಇದರಲ್ಲಿ ತಡ ಸಲ್ಲದು. ಕರಾವಳಿಯ ತೇವದಿಂದ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಅದನ್ನು ಓಡಿಸುವ ಯಂತ್ರಗಳ ತಯಾರಿಕೆಯೂ ೨೦೧೬ರಲ್ಲಿ ನಿಂತುಹೋಯಿತು.

ಬಳಿಕ ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶದಲ್ಲಿ ಕಡತವನ್ನು ತೆರೆದು, ಬೇಕಾದ ಸ್ಥಳದ ಸಮೀಪ ನಿಲ್ಲಿಸಿ, ‘ಇ’ ಕೀಲಿಯನ್ನೊತ್ತುತ್ತ ಒಂದೊಂದೇ ಚಿತ್ರವನ್ನು ಮುಂದೆ ಸರಿಸಿರಿ. ವಿಂಡೋಸ್ ಯಂತ್ರದಲ್ಲಿ ‘ಶಿಫ್ಟ್’ ಮತ್ತು ‘ಎಸ್’ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಎದುರಿನ ಚಿತ್ರವು ‘ಪಿಕ್ಚರ್ಸ್’ ಕೋಶದಲ್ಲಿ ಸೇರುವುದು. ಟೇಪಿನ ಪ್ರತಿ ಚಿತ್ರವೂ ಎರಡು ಅರ್ಧಗಳಾಗಿ ದಾಖಲಾಗಿರುವುದರಿಂದ, ಕೆಲವೊಮ್ಮೆ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಾಣುವವು. ಆಗ ‘ಡಿ’ ಕೀಲಿಯನ್ನೊತ್ತಿ ನೋಡಬೇಕು. ಪರದೆಯ ಮುಂದೆ ಮೊಬೈಲು ಹಿಡಿದು ಫೋಟೊ ತೆಗೆಯುವುದು ಒಳ್ಳೆಯದಲ್ಲ. ಪರದೆಯ ಹೊಳಪು ಮುಖವನ್ನು ಕೆಡಿಸುತ್ತದೆ.

ಚಲಿಸುವ ತುಣುಕೇ ಬೇಕಾದವರು ಲಾಸ್‌ಲೆಸ್‌ಕಟ್ ಎಂಬ ತಂತ್ರಾಂಶದಲ್ಲಿ ‘ಐ’ ಕೀಲಿಯಿಂದ ಆರಂಭವನ್ನೂ ‘ಒ’ ಕೀಲಿಯಿಂದ ಕೊನೆಯನ್ನೂ ಗುರುತಿಸಬಹುದು. ಕಡತವನ್ನು ಕುಗ್ಗಿಸುವಾಗ ಕೆಲವು ಚಿತ್ರಗಳು ಮಾತ್ರ ಪೂರ್ಣವಾಗಿ ಉಳಿಯುತ್ತವೆ. ಉಳಿದವುಗಳಲ್ಲಿ ಬದಲಾವಣೆಯಷ್ಟೇ ದಾಖಲಾಗುತ್ತದೆ. ತುಣುಕು ಪೂರ್ಣಚಿತ್ರದಿಂದಲೇ ಆರಂಭವಾಗಬೇಕಾದುದರಿಂದ, ಒಂದೆರಡು ಕ್ಷಣ ಮುಂಚಿತವಾಗಿಯೇ ಗುರುತು ಹಾಕುವುದು ಲೇಸು.

ಟೇಪಿನಿಂದ ಮಾಡಿದ ಕಡತದ ಚಿತ್ರವು ಸಾಮಾನ್ಯವಾಗಿ ೭೨೦ ಚುಕ್ಕೆಗಳಷ್ಟು ಅಗಲವಿರುತ್ತದೆ. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ ೩೦೦ ಚುಕ್ಕೆಗಳು ಬೇಕಾದುದರಿಂದ, ಸುಮಾರು ಎರಡೂವರೆ ಅಂಗುಲದ ಅಗಲಕ್ಕೇ ತೃಪ್ತರಾಗಿರಬೇಕು. ಹಿಗ್ಗಿಸಿದರೆ ಮಸುಕು ಹೆಚ್ಚುವುದು.

ಕೊನೆಯದಾಗಿ, ಮೂಲ ಟೇಪನ್ನು ಎಸೆಯದಿರಿ. ಹೊರತೆಗೆದ ಚಿತ್ರವನ್ನು ಮನೆಯ ಹಿರಿಯರಿಗೆ ತೋರಿಸಿ, ಅದರಲ್ಲಿರುವವರ ಹೆಸರು, ಊರು, ವರ್ಷಗಳನ್ನು ಕೇಳಿ ಬರೆದಿಡಿರಿ. ಮುಖವನ್ನು ಗುರುತಿಸುವವರು ಇಲ್ಲವಾದ ಮೇಲೆ ಈ ಕೆಲಸವನ್ನು ಯಾವ ಯಂತ್ರವೂ ಮಾಡಿಕೊಡಲಾರದು.