ಮೂಗು ಕಟ್ಟಿದೆಯೇ? ಮೂಳೆಯೋ ಬಾವೋ ಮೊದಲು ತಿಳಿಯಿರಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಅಡಿಕೆ ಸುಲಿತ, ಜಗಳೂರಲ್ಲಿ ಮೆಕ್ಕೆಜೋಳದ ಒಕ್ಕಣೆ ಶುರುವಾದರೆ ದೂಳಿಗೆ ಮೂಗು ಕಟ್ಟುವುದು ಮಾಮೂಲು. ಆದರೆ ಸುಗ್ಗಿ ಮುಗಿದ ಮೇಲೂ ಅದೇ ಹೊಳ್ಳೆ ವರ್ಷವಿಡೀ ಕಟ್ಟಿಕೊಂಡಿದ್ದರೆ ಹೊಳ್ಳೆಗಳ ನಡುವಿನ ಗೋಡೆ ವಾಲಿರಬಹುದು. ವೈದ್ಯರ ಚೀಟಿಯಲ್ಲಿ ‘ಡಿಎನ್‌ಎಸ್’ ಎಂದಿರುತ್ತದೆ.

ಮನೆಯಲ್ಲೇ ನೋಡಿಕೊಳ್ಳಬಹುದು. ತಣ್ಣನೆಯ ಸ್ಟೀಲ್ ತಟ್ಟೆಯನ್ನು ಮೂಗಿನ ಕೆಳಗೆ ಹಿಡಿದು ಬಾಯಿ ಮುಚ್ಚಿ ಉಸಿರು ಬಿಡಿ. ತಟ್ಟೆಯ ಮೇಲೆ ಎರಡು ಕಡೆ ಮಂಜು ಕಟ್ಟುತ್ತದೆ. ಹೊಳ್ಳೆಗಳು ಕೆಲವು ಗಂಟೆಗೊಮ್ಮೆ ಸರದಿಯಂತೆ ಬಿಗಿಯಾಗುವುದು ಸಹಜ, ಹಾಗಾಗಿ ಬೇರೆ ಬೇರೆ ಹೊತ್ತಿನಲ್ಲಿ ನೋಡಿ. ಪ್ರತಿ ಸಲವೂ ಅದೇ ಕಡೆ ಮಂಜು ಕಡಿಮೆಯಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಬೇಕು.

ಅಷ್ಟರಲ್ಲಿ ಮೆಡಿಕಲ್ ಶಾಪಿನ ಡ್ರಾಪ್ಸ್‌ಗೆ ಮಾತ್ರ ಅಂಟಿಕೊಳ್ಳಬೇಡಿ. ಮೂಗು ತಕ್ಷಣ ಬಿಡಿಸುವ ಈ ಹನಿಗಳನ್ನು ವಾರಕ್ಕಿಂತ ಹೆಚ್ಚು ಹಾಕಿದರೆ ಒಳಗಿನ ಬಾವು ಇನ್ನೂ ಜಾಸ್ತಿಯಾಗುತ್ತದೆ.

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆಯಿದೆ. ನ್ಯಾಮತಿಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆ ಇದೆ. ನಿಮ್ಮ ಶಸ್ತ್ರಚಿಕಿತ್ಸೆ ಅದರಲ್ಲಿ ಬರುತ್ತದೆಯೇ, ರೆಫರಲ್ ಬೇಕೇ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ.

ವೈದ್ಯರು ಎಂಡೋಸ್ಕೋಪ್ ಇಳಿಸಿ ನೋಡುತ್ತಾರೆ. ಸೈನಸ್ ತೊಂದರೆಯ ಅನುಮಾನವಿದ್ದರೆ ಸಿಟಿ ಸ್ಕ್ಯಾನ್ ಬೇಕಾಗಬಹುದು. ಅಲರ್ಜಿಯ ಬಾವೂ ಇದ್ದರೆ ಸಾಮಾನ್ಯವಾಗಿ ಕೆಲವು ವಾರ ಸ್ಟಿರಾಯ್ಡ್ ಸ್ಪ್ರೇ ಕೊಡುತ್ತಾರೆ. ಅದರಲ್ಲೇ ಉಸಿರಾಟ ಸರಿಹೋದರೆ ಆಪರೇಷನ್ ಮಾತೇ ಇಲ್ಲ. ನಡುಗೋಡೆ ಅಲ್ಪಸ್ವಲ್ಪ ವಾಲಿರುವವರು ಬಹಳ ಮಂದಿ. ತೊಂದರೆ ಇಲ್ಲದವರು ಸ್ಕ್ಯಾನ್ ವರದಿ ನೋಡಿ ಗಾಬರಿಯಾಗಬೇಕಿಲ್ಲ.

ನಿಜಕ್ಕೂ ಮೂಳೆಯೇ ಅಡ್ಡ ನಿಂತಿದ್ದರೆ ‘ಸೆಪ್ಟೋಪ್ಲಾಸ್ಟಿ’ ಎಂಬ ಆಪರೇಷನ್. ಸಾಮಾನ್ಯವಾಗಿ ಅರ್ಧದಿಂದ ಒಂದೂವರೆ ಗಂಟೆಯ ಕೆಲಸ. ಕೊಯ್ತ ಮೂಗಿನೊಳಗೇ ಆಗುವುದರಿಂದ ಮುಖದ ಮೇಲೆ ಗಾಯದ ಗುರುತು ಉಳಿಯುವುದಿಲ್ಲ. ಒಳಪೊರೆಯನ್ನು ಎಬ್ಬಿಸಿ, ಬಾಗಿದ ಮೃದ್ವಸ್ಥಿ ಮತ್ತು ಮೂಳೆಯನ್ನು ನೇರಗೊಳಿಸಿ, ತೀರಾ ಅಡ್ಡವಾದ ತುಣುಕನ್ನಷ್ಟೇ ತೆಗೆದು, ಪೊರೆಯನ್ನು ಮತ್ತೆ ಕೂರಿಸುತ್ತಾರೆ. ಹಿಂದೆ ಮೃದ್ವಸ್ಥಿಯನ್ನು ಹೆಚ್ಚಾಗಿ ಕತ್ತರಿಸಿ ತೆಗೆಯುತ್ತಿದ್ದರು, ಅದರಿಂದ ಕೆಲವರ ಮೂಗು ಕುಸಿಯುತ್ತಿತ್ತು. ಈಗ ಸಾಧ್ಯವಾದಷ್ಟು ಉಳಿಸಿಕೊಳ್ಳುತ್ತಾರೆ. ಮುಖ ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ ತೀರಾ ಅಗತ್ಯವಿಲ್ಲದಿದ್ದರೆ ಮುಂದೂಡುವುದೇ ರೂಢಿ.

ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಆಪರೇಷನ್‌ಗೆ ಮೊದಲೇ ಹೇಳಲೇಬೇಕು, ತಾವಾಗಿ ನಿಲ್ಲಿಸಬಾರದು. ಆಪರೇಷನ್ ಆದಮೇಲೆ ಮೂಗಿನೊಳಗೆ ಹತ್ತಿ ತುರುಕಿದ್ದರೆ ಒಂದೆರಡು ದಿನ ಬಾಯಲ್ಲೇ ಉಸಿರಾಡಬೇಕು. ಅದು ಹಿಂಸೆಯೇ, ಆದರೆ ಕೈಹಾಕಿ ಕೀಳಬಾರದು. ಎರಡು ವಾರ ಮೂಗಿನಿಂದ ಜೋರಾಗಿ ಊದಿ ಸಿಂಬಳ ತೆಗೆಯುವಂತಿಲ್ಲ. ಸೀನು ಬಂದರೆ ಬಾಯಿ ತೆರೆದು ಸೀನಿ. ಉಪ್ಪುನೀರಿನಿಂದ ಮೂಗು ತೊಳೆಯುವುದನ್ನು ವೈದ್ಯರು ಹೇಳಿದ ದಿನದಿಂದ ಶುರುಮಾಡಿ, ಕುದಿಸಿ ಆರಿಸಿದ ನೀರನ್ನೇ ಬಳಸಿ. ಮೂಟೆ ಹೊರುವುದು, ಒಕ್ಕಣೆಯ ದೂಳಿಗೆ ಹೋಗುವುದು ಮೂರು ವಾರ ಬೇಡ.

ರಕ್ತ ಸುರಿಯುತ್ತಲೇ ಇದ್ದರೆ, ಜ್ವರ ಬಂದರೆ, ಎರಡೂ ಹೊಳ್ಳೆ ಬಿಗಿದು ನೋವು ಏರುತ್ತಿದ್ದರೆ ಮರುಭೇಟಿಯ ದಿನಕ್ಕೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೊರಡಿ.