ಚಿತ್ರದಲ್ಲಿ ಸಮತೋಲ ಮತ್ತು ಲಯ



ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಬಾಲಕನೊಬ್ಬನು ಚಿತ್ರಸ್ಪರ್ಧೆಗಾಗಿ ಒಂದು ಚಿತ್ರವನ್ನು ಬರೆಯುತ್ತಿದ್ದನು. ಹಾಳೆಯ ನಡುವಿನಿಂದ ತುಸು ಎಡಕ್ಕೆ ಒಂದು ದೊಡ್ಡ ಹುಣಿಸೆಯ ಮರ. ಬಲಗಡೆಯ ಕೊನೆಯಲ್ಲಿ, ಬಹುದೂರದಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾದ ಒಂದು ಎತ್ತಿನ ಗಾಡಿ. ಇವೆರಡರ ನಡುವೆ ಬರಿಯ ಬಯಲು. ಚಿತ್ರಕಲೆಯ ಅಧ್ಯಾಪಕರು ರಜೆಯಲ್ಲಿದ್ದುದರಿಂದ ಅಂದು ತರಗತಿಯನ್ನು ನಾನೇ ನೋಡಿಕೊಳ್ಳುತ್ತಿದ್ದೆನು. “ಚಿತ್ರವು ಒಂದು ಕಡೆಗೆ ವಾಲಿದೆ. ಮರವನ್ನು ಸರಿಯಾಗಿ ನಡುವೆ ಬರೆ” ಎಂದೆನು. ಬಾಲಕನು “ಗಾಡಿ ಇದೆಯಲ್ಲ, ಸಾರ್” ಎಂದು ಮೆಲ್ಲನೆ ನುಡಿದನು. ನಾನು ಅದಕ್ಕೆ ಕಿವಿಗೊಡಲಿಲ್ಲ. ಅವನು ಎಲ್ಲವನ್ನೂ ಅಳಿಸಿ, ಮರವನ್ನು ನಡುವೆ ಬರೆದನು. ಹರಡಿದ ಕೊಂಬೆಗಳು ಹಾಳೆಯನ್ನೆಲ್ಲ ತುಂಬಿದವು. ಗಾಡಿಗೆ ಸ್ಥಳವುಳಿಯಲಿಲ್ಲ.

ಆ ಬಾಲಕನ ಮಾತಿನ ಅರ್ಥವು ನನಗೆ ತಿಳಿದುದು ತಡವಾಗಿ. ಅದನ್ನು ನಿಮಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ತಕ್ಕಡಿಯು ವಸ್ತುಗಳನ್ನು ತೂಗುವಂತೆ ನಮ್ಮ ಕಣ್ಣೂ ತೂಗುತ್ತದೆ. ಚಿತ್ರದಲ್ಲಿ ದೊಡ್ಡ ಆಕಾರವು ಚಿಕ್ಕದಕ್ಕಿಂತ ಭಾರವಾಗಿ ತೋರುವುದು. ಕಪ್ಪು ಬಣ್ಣವು ತಿಳಿಬಣ್ಣಕ್ಕಿಂತಲೂ, ಕೆಂಪು ಬಣ್ಣವು ಬೂದುಬಣ್ಣಕ್ಕಿಂತಲೂ ಭಾರ. ಗಾತ್ರವೊಂದೇ ತೂಕಕ್ಕೆ ಕಾರಣವಲ್ಲ. ಒಂಟಿಯಾಗಿ ನಿಂತ ವಸ್ತುವು, ಅದೆಷ್ಟೇ ಚಿಕ್ಕದಿರಲಿ, ಕಣ್ಣನ್ನು ತನ್ನೆಡೆಗೆ ಸೆಳೆಯುತ್ತದೆ; ಹಾಗೆ ಸೆಳೆಯುವುದೂ ಒಂದು ತೂಕವೇ. ಈ ತೂಕಗಳನ್ನು ಹಾಳೆಯ ಎರಡು ಪಾರ್ಶ್ವಗಳಲ್ಲಿ ಹೊಂದಿಸಿ, ನೋಡುವವನ ಮನಸ್ಸಿಗೆ ನೆಮ್ಮದಿಯುಂಟುಮಾಡುವುದಕ್ಕೆ ಸಮತೋಲವೆಂದು ಹೆಸರು.

ಸಮತೋಲದಲ್ಲಿ ಎರಡು ವಿಧಗಳುಂಟು. ಮೊದಲನೆಯದು ಸಮಪಾರ್ಶ್ವ. ನಿಮ್ಮ ತಾಯಂದಿರು ಹೊಸ್ತಿಲ ಮುಂದೆ ಚುಕ್ಕಿಯಿಟ್ಟು ಬಿಡಿಸುವ ರಂಗೋಲಿಯನ್ನು ನೋಡಿರಿ. ಅನೇಕ ರಂಗೋಲಿಗಳಲ್ಲಿ ನಡುವೆ ಒಂದು ಗೆರೆಯೆಳೆದರೆ ಎಡದಲ್ಲಿರುವುದೇ ಬಲದಲ್ಲಿಯೂ ಕಾಣುವುದು. ದೇವಾಲಯದ ಗೋಪುರವೂ ಹಾಗೆಯೇ. ಇದರಲ್ಲಿ ಗಾಂಭೀರ್ಯವಿದೆ, ಶಾಂತಿಯಿದೆ.

ಎರಡನೆಯದು ವಿಷಮಪಾರ್ಶ್ವ. ಇದನ್ನು ತಿಳಿಯಲು ನಿಮ್ಮ ಅಜ್ಜಂದಿರ ಕಾಲದ ಏತವನ್ನು ನೆನೆಯಬೇಕು. ಬಾವಿಯ ಬಳಿ ನೆಟ್ಟ ಕಂಬದ ಮೇಲೆ ಒಂದು ಉದ್ದವಾದ ಮರದ ತೊಲೆ. ಅದರ ಗಿಡ್ಡ ತುದಿಗೆ ಭಾರವಾದ ಕಲ್ಲು. ಉದ್ದ ತುದಿಗೆ ನೀರೆತ್ತುವ ಪಾತ್ರೆ. ಆಧಾರಕ್ಕೆ ಸಮೀಪವಿರುವ ದೊಡ್ಡ ಭಾರವನ್ನು ದೂರವಿರುವ ಚಿಕ್ಕ ಭಾರವು ಸರಿದೂಗಿಸುತ್ತದೆ. ಚಿತ್ರದಲ್ಲಿಯೂ ಈ ನಿಯಮವು ನಡೆಯುತ್ತದೆ.

ಜಪಾನಿನ ಚಿತ್ರಕಾರನಾದ ಹೊಕುಸಾಯ್ ೧೮೩೧ರ ಸುಮಾರಿನಲ್ಲಿ ರಚಿಸಿದ ಮಹಾತರಂಗದ ಚಿತ್ರವು ಲೋಕಪ್ರಸಿದ್ಧವಾದುದು. ಅದು ಮರದ ಅಚ್ಚಿನಿಂದ ಮುದ್ರಿತವಾದ ಚಿತ್ರ. ಅಗಲವು ಒಂದೂಕಾಲು ಅಡಿಗಿಂತಲೂ ಕಡಮೆ. ಎಡಗಡೆಯಲ್ಲಿ ಬೆಟ್ಟದಂತೆ ಎದ್ದ ಅಲೆ. ಅದರ ನೊರೆಯು ಹಿಡಿಯಬಂದ ಬೆರಳುಗಳಂತೆ ಬಾಗಿದೆ. ಕೆಳಗೆ ಮೂರು ದೋಣಿಗಳಲ್ಲಿ ಅಂಬಿಗರು ಕವುಚಿ ಕುಳಿತಿದ್ದಾರೆ. ಹಾಗಾದರೆ ಇಷ್ಟು ದೊಡ್ಡ ಅಲೆಯನ್ನು ತೂಗುವುದು ಯಾವುದು? ಬಲಗಡೆಯ ವಿಶಾಲವಾದ ಆಕಾಶ, ಮತ್ತು ನಡುವಿನಿಂದ ತುಸು ಬಲಕ್ಕೆ, ಅಲೆಯ ತಗ್ಗಿನಲ್ಲಿ ಪುಟ್ಟದಾಗಿ ಕಾಣುವ ಫ್ಯೂಜಿ ಪರ್ವತ. ೩೭೭೬ ಮೀಟರು ಎತ್ತರದ ಆ ಪರ್ವತವು ಇಲ್ಲಿ ಒಂದು ಮಡಕೆಯ ಚೂರಿನಷ್ಟಿದೆ. ಆದರೂ ಎಲ್ಲವೂ ಅಲ್ಲಾಡುವ ಆ ಸಮುದ್ರದಲ್ಲಿ ಅಲ್ಲಾಡದೆ ನಿಂತಿರುವುದು ಅದೊಂದೇ; ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗಿ ನಿಲ್ಲುವುದು. ಈ ಮುದ್ರಿಕೆಯನ್ನು ಒಂದು ಪುಸ್ತಕದಲ್ಲಿ ನೋಡುತ್ತಿದ್ದಾಗಲೇ “ಗಾಡಿ ಇದೆಯಲ್ಲ, ಸಾರ್” ಎಂಬ ಮಾತು ನನ್ನ ಕಿವಿಯಲ್ಲಿ ಮೊಳಗಿತು.

ಇನ್ನು ಲಯ. ಸಂಗೀತದಲ್ಲಿ ತಾಳದ ಪೆಟ್ಟು ನಿಯತವಾಗಿ ಮರಳಿ ಬರುವಂತೆ ಚಿತ್ರದಲ್ಲಿ ಗೆರೆ, ಆಕಾರ, ಬಣ್ಣಗಳು ಮರಳಿ ಮರಳಿ ಬಂದರೆ ಕಣ್ಣು ಅವುಗಳ ಜೊತೆಗೆ ನಡೆಯತೊಡಗುವುದು. ಇದೇ ಲಯ. ಹೊಕುಸಾಯ್‌ನ ಚಿತ್ರದಲ್ಲಿ ಮುಂದಿರುವ ಚಿಕ್ಕ ಅಲೆಯೊಂದು ಫ್ಯೂಜಿಯ ಆಕಾರವನ್ನೇ ಹೋಲುತ್ತದೆ. ಅಂಬಿಗರ ಬಾಗಿದ ಬೆನ್ನುಗಳು ಸಾಲಾಗಿ ಒಂದೇ ಸ್ವರವನ್ನು ನುಡಿಯುತ್ತವೆ.

ಲಯವನ್ನು ಕಾಣಲು ಜಪಾನಿನವರೆಗೆ ಹೋಗಬೇಕಾಗಿಲ್ಲ. ನಮ್ಮ ಮಡಕಶಿರಾ ಸೀಮೆಗೆ ನೆರೆಯಲ್ಲೇ, ಹಿಂದೂಪುರದಿಂದ ಸುಮಾರು ೧೫ ಕಿಲೋಮೀಟರು ದೂರದಲ್ಲಿ, ಲೇಪಾಕ್ಷಿಯಿದೆ. ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ, ಹದಿನಾರನೆಯ ಶತಮಾನದಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಎಂಬ ಸಹೋದರರು ಕಟ್ಟಿಸಿದ ವೀರಭದ್ರ ದೇವಾಲಯವದು. ಅಲ್ಲಿ ಕನ್ನಡ ಶಾಸನಗಳೂ ಇವೆ. ಮಂಟಪದ ಛಾವಣಿಯಲ್ಲಿ ಉದ್ದವಾದ ಪಟ್ಟಿಗಳಲ್ಲಿ ಚಿತ್ರಗಳಿವೆ. ಅವುಗಳಲ್ಲಿ ಸಾಲಾಗಿ ನಿಂತ ಸ್ತ್ರೀಯರನ್ನು ಗಮನಿಸಿರಿ. ಚೂಪಾದ ಮೂಗು, ಉದ್ದವಾದ ಕಣ್ಣು, ಹಿಂದೆ ಕಟ್ಟಿದ ತುರುಬು ಮರಳಿ ಮರಳಿ ಬರುತ್ತವೆ. ಸೀರೆಗಳ ವಿನ್ಯಾಸಗಳು ಮಾತ್ರ ಬೇರೆ ಬೇರೆ. ಬರಿಯ ಪುನರಾವೃತ್ತಿಯು ಬೇಸರ ತರುವುದು. ಬರಿಯ ಬದಲಾವಣೆಯು ಗೊಂದಲ ತರುವುದು. ಮರಳಿ ಬರುವುದರಲ್ಲಿ ತುಸು ಬದಲಾವಣೆಯಿದ್ದರೆ ಅದೇ ಲಯದ ಸೊಗಸು.

ಹೀಗೆ ಸಮತೋಲವು ಚಿತ್ರವನ್ನು ನಿಲ್ಲಿಸುವುದು. ಲಯವು ಅದನ್ನು ನಡೆಸುವುದು.

ಒಂದು ಅಭ್ಯಾಸವನ್ನು ಹೇಳುವೆನು. ಕಪ್ಪು ಕಾಗದದಲ್ಲಿ ಒಂದು ದೊಡ್ಡ, ಐದು ಚಿಕ್ಕ ಚೌಕಗಳನ್ನು ಕತ್ತರಿಸಿರಿ. ದೊಡ್ಡದನ್ನು ಬಿಳಿಯ ಹಾಳೆಯ ನಡುವಿನಿಂದ ಪಕ್ಕಕ್ಕೆ ಇಡಿರಿ. ಚಿಕ್ಕವನ್ನು ಒಂದೊಂದಾಗಿ ಸರಿಸುತ್ತ, ಕಣ್ಣಿಗೆ ನೆಮ್ಮದಿಯಾಗುವ ಸ್ಥಳವನ್ನು ಹುಡುಕಿರಿ. ಬಳಿಕ ಹಾಳೆಯನ್ನು ತಲೆಕೆಳಗು ಮಾಡಿ, ಕಣ್ಣನ್ನು ಅರೆಮುಚ್ಚಿ ನೋಡಿರಿ. ವಾಲಿಕೆಯಿದ್ದರೆ ಕೂಡಲೆ ತಿಳಿಯುವುದು.

ಪೋಷಕರಲ್ಲಿ ಒಂದು ವಿಜ್ಞಾಪನೆ. ಮಗುವು ಚಿತ್ರವನ್ನು ತಂದು ತೋರಿಸಿದಾಗ ತಿದ್ದುವುದಕ್ಕೆ ಮೊದಲು “ಇದನ್ನು ಇಲ್ಲಿ ಏಕೆ ಇಟ್ಟೆ?” ಎಂದು ಕೇಳಿರಿ. ನಾನು ಅಂದು ಹಾಗೆ ಕೇಳಲಿಲ್ಲ. ಆ ಬಾಲಕನು ಶಾಲೆಯನ್ನು ಬಿಟ್ಟು ಹೋಗಿರುವನು. ಮುಂದೆ ಚಿತ್ರ ಬರೆದನೋ ಇಲ್ಲವೋ ಅರಿಯೆನು. ಈ ಸಂಚಿಕೆಯು ಅವನ ಕೈಸೇರಿದರೆ ಇಷ್ಟನ್ನು ಓದಿಕೊಳ್ಳಲಿ: ಗಾಡಿ ಇತ್ತು, ಮಗು. ನೋಡದೆ ಹೋದವನು ನಾನು.

— ಮುಖ್ಯೋಪಾಧ್ಯಾಯ, ಬಿ.ಎ., ಬಿ.ಟಿ.