ಚಿತ್ರ-ಶಿಲ್ಪಗಳಲ್ಲಿ ಅಮೂರ್ತತೆ

ಹುಬ್ಬಳ್ಳಿಯ ದೇಶಪಾಂಡೆ ನಗರವು ಸಂಗೀತಪ್ರಿಯರಿಗೆ ಸುಪರಿಚಿತವಾದ ಬಡಾವಣೆ. ಕಿರಾನಾ ಘರಾಣೆಯ ಸವಾಯಿ ಗಂಧರ್ವರ (1886-1952) ಹೆಸರಿನ ಸಭಾಗೃಹ ಇಲ್ಲಿದೆ. ಅವರ ಶಿಷ್ಯೆ ಡಾ. ಗಂಗೂಬಾಯಿ ಹಾನಗಲ್ಲರು (1913-2009) ಬಾಳಿದ ‘ಗಂಗಾಲಹರಿ’ಯೂ ಇಲ್ಲಿಯೇ ಇದೆ. ಈ ಪರಂಪರೆಯ ಗಾಯಕರು ರಾಗವನ್ನು ಸ್ವರಸ್ವರವಾಗಿ ಬಿಡಿಸುತ್ತ ಆಲಾಪ ಮಾಡುವಾಗ ಅದರಲ್ಲಿ ಕಥೆಯಿರುವುದಿಲ್ಲ, ವರ್ಣನೆಯಿರುವುದಿಲ್ಲ. ಎಷ್ಟೋ ಸಲ ಶಬ್ದವೂ ಇರುವುದಿಲ್ಲ. ಆದರೂ ‘ಇದು ಯಾವುದರ ಹಾಡು?’ ಎಂದು ಶ್ರೋತೃಗಳು ಪ್ರಶ್ನಿಸುವುದಿಲ್ಲ; ತಲೆದೂಗುತ್ತಾರೆ. ಅದೇ ರಸಿಕರು ಬಣ್ಣ-ರೇಖೆಗಳ ಹೊರತು ಬೇರೇನೂ ಕಾಣದ ಚಿತ್ರದೆದುರು ನಿಂತಾಗ ಮಾತ್ರ ‘ಇದೇನು?’ ಎಂದು ಕೇಳುತ್ತಾರೆ. ಕಿವಿಗೆ ಸಹಜವಾದುದು ಕಣ್ಣಿಗೇಕೆ ಕಠಿಣವಾಗಬೇಕು? ಈ ಪ್ರಶ್ನೆಯು ಕಲಾವಿದರಿಗಿಂತಲೂ ಹೆಚ್ಚಾಗಿ ಶಿಕ್ಷಕರು ವಿಚಾರ ಮಾಡತಕ್ಕದ್ದಾಗಿದೆ.

ಮೂರ್ತವೆಂದರೆ ಆಕಾರ ತಳೆದು ಗುರುತು ಸಿಗುವಂಥದು. ಆ ಗುರುತನ್ನು ಬಿಟ್ಟುಕೊಟ್ಟು ಸಾರವನ್ನು ಉಳಿಸಿಕೊಳ್ಳುವ ಕ್ರಿಯೆಯೇ ಅಮೂರ್ತೀಕರಣ. ಇದಕ್ಕೆ ಎರಡು ದಾರಿಗಳುಂಟು. ಕಂಡ ವಸ್ತುವಿನಿಂದ ಅನಾವಶ್ಯಕವಾದುದನ್ನು ಒಂದೊಂದಾಗಿ ಕಳೆಯುತ್ತ ಹೋಗುವುದು ಮೊದಲನೆಯದು. ವಸ್ತುವಿನ ಹಂಗನ್ನೇ ತೊರೆದು, ರೇಖೆ, ವರ್ಣ, ಗಾತ್ರ, ಅವಕಾಶಗಳಿಂದಲೇ ಕೃತಿಯನ್ನು ಕಟ್ಟುವುದು ಎರಡನೆಯದು. ಡಚ್ ಚಿತ್ರಕಾರ ಪೀಟ್ ಮಾಂಡ್ರಿಯನ್ (1872-1944) ಮೊದಲ ದಾರಿಯಿಂದ ಹೊರಟು ಎರಡನೆಯದನ್ನು ತಲುಪಿದನು. 1908ರಿಂದ 1912ರ ಅವಧಿಯಲ್ಲಿ ಅವನು ಮರವನ್ನು ಮತ್ತೆ ಮತ್ತೆ ಚಿತ್ರಿಸಿದನು. ಮೊದಲು ಕೊಂಬೆಗಳು ಸ್ಪಷ್ಟವಾಗಿ ಕಾಣುತ್ತವೆ. ಬರಬರುತ್ತ ಅವು ಕಮಾನುಗಳಾಗುತ್ತವೆ. ಕೊನೆಗೆ ಮರ ಮರೆಯಾಗಿ ಅದರ ಲಯವಷ್ಟೇ ಉಳಿಯುತ್ತದೆ. ಮುಂದೆ ಅವನ ಚಿತ್ರಗಳಲ್ಲಿ ಅಡ್ಡ ಮತ್ತು ಉದ್ದ ಗೆರೆಗಳು ಹಾಗೂ ಕೆಲವೇ ಮೂಲವರ್ಣಗಳು ಮಾತ್ರ ನಿಂತವು.

ಇದು ಪಶ್ಚಿಮದಿಂದ ಬಂದ ಹೊಸ ಹುಚ್ಚೆಂದು ಭಾವಿಸುವವರು ತಮ್ಮ ಮನೆಯ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಬೇಕು. ಇಳಕಲ್ ಸೀರೆಯ ಮೇಲಿನ ಕಸೂತಿಯಲ್ಲಿ ಆನೆ, ತೇರು, ಗೋಪುರ, ಪಲ್ಲಕ್ಕಿಗಳಿರುತ್ತವೆ. ಧಾರವಾಡ ಸೀಮೆಯ ಹೆಣ್ಣುಮಕ್ಕಳು ಇವನ್ನು ಬಟ್ಟೆಯ ಮೇಲೆ ಬರೆದುಕೊಂಡು ಹೊಲಿದವರಲ್ಲ. ಎಳೆಗಳನ್ನು ಎಣಿಸಿ ಹೊಲಿದವರು. ಗವಂತಿ, ಮುರ್ಗಿ, ನೇಗಿ, ಮೆಂತ್ಯ ಎಂಬ ನಾಲ್ಕು ಹೊಲಿಗೆಗಳೂ ನೇರಗೆರೆಗಳಲ್ಲೇ ನಡೆಯುತ್ತವೆ. ಆದುದರಿಂದ ಆನೆಯ ದುಂಡು ಬೆನ್ನು ಮೆಟ್ಟಿಲಾಗುತ್ತದೆ, ಸೊಂಡಿಲು ಕೋನವಾಗುತ್ತದೆ. ಆನೆಯ ಮೈಯ ವಿವರಗಳು ಹೋದರೂ ಅದರ ಗಾಂಭೀರ್ಯ ಹೋಗಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಕವು ಆ ಕೈಗಳಿಗೆ ಚೆನ್ನಾಗಿ ತಿಳಿದಿತ್ತು.

ಶಿಲ್ಪದಲ್ಲಿಯೂ ಹಾಗೆಯೇ. ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯವು ಕಲ್ಯಾಣ ಚಾಲುಕ್ಯರ ಕಾಲದ್ದು. ಅಲ್ಲಿರುವ ಎರಡು ಲಿಂಗಗಳಲ್ಲಿ ಒಂದು ಚತುರ್ಮುಖ ಲಿಂಗ; ನಾಲ್ಕು ದಿಕ್ಕಿಗೂ ಅದು ಮುಖ ತೋರುತ್ತದೆ. ಲಿಂಗದ ಸಾಮಾನ್ಯ ರೂಪಕ್ಕಾದರೋ ಮುಖವೇ ಇಲ್ಲ. ಒಂದರಲ್ಲಿ ಕಣ್ಣಿಗೆ ಆಸರೆಯುಂಟು. ಇನ್ನೊಂದರಲ್ಲಿ ನೋಡುವವನ ಮನಸ್ಸೇ ಆ ಆಸರೆಯನ್ನು ಒದಗಿಸಿಕೊಳ್ಳಬೇಕು. ಎರಡನ್ನೂ ಒಂದೇ ಪರಂಪರೆ ಒಪ್ಪಿಕೊಂಡಿತು. ಕರಸ್ಥಲದಲ್ಲಿ ಇಷ್ಟಲಿಂಗವನ್ನಿಟ್ಟು ದಿಟ್ಟಿಸುವ ಜನರಿಗೆ ಕಣ್ಣು-ಮೂಗುಗಳಿಲ್ಲದ ಆಕಾರವು ಅರ್ಥವಾಗದೆಂದು ಹೇಳುವಂತಿಲ್ಲ. ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿಯಲ್ಲಿ ಗರ್ಭಗೃಹದ ತಳವಿನ್ಯಾಸವೇ 24 ಮೂಲೆಗಳ ನಕ್ಷತ್ರವಾಗಿದೆ. ಬಿಸಿಲು ಸರಿದಂತೆ ಆ ಮೂಲೆಗಳ ಮೇಲೆ ನೆರಳು-ಬೆಳಕು ಆಡುವುದನ್ನು ಕಂಡವನು, ಶುದ್ಧ ರೇಖಾಗಣಿತಕ್ಕೂ ಭಾವವುಂಟೆಂಬುದನ್ನು ಮರೆಯಲಾರ.

ಆಧುನಿಕ ಕನ್ನಡ ಕಲಾವಿದರಲ್ಲಿ ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು (1911-1996) ಈ ಮಾರ್ಗದ ಮರ್ಮವನ್ನು ಬಲ್ಲವರಾಗಿದ್ದರು. ಲಯವನ್ನು ಮೈಯಿಂದಲೇ ಅರಿಯಬೇಕೆಂದು ಅವರು ಕಥಕ್ ನೃತ್ಯವನ್ನು ಗುರುಮುಖೇನ ಅಭ್ಯಾಸ ಮಾಡಿದರು. ಅವರ ರೇಖಾಚಿತ್ರಗಳಲ್ಲಿ ನರ್ತಕಿಯ ಆಭರಣವಿಲ್ಲ, ಮುಖದ ಚೆಲುವಿಲ್ಲ. ಎಲ್ಲಿಯೂ ತಡವರಿಸದೆ ಹರಿಯುವ ಕೆಲವೇ ಗೆರೆಗಳಲ್ಲಿ ನರ್ತನವಿದೆ. ಅವರು ನರ್ತಕಿಯನ್ನು ಬಿಟ್ಟು ನರ್ತನವನ್ನು ಹಿಡಿದರು.

ಇಂಥ ಕೃತಿಯು ಕಲೆಯೇ ಅಲ್ಲವೆಂಬ ವಾದವು ಒಮ್ಮೆ ನ್ಯಾಯಾಲಯದವರೆಗೂ ಹೋಗಿತ್ತು. ರುಮೇನಿಯದ ಶಿಲ್ಪಿ ಬ್ರಾಂಕೂಸಿಯ (1876-1957) ‘ಅವಕಾಶದಲ್ಲಿ ಪಕ್ಷಿ’ ಎಂಬ ಕಂಚಿನ ಶಿಲ್ಪಕ್ಕೆ ರೆಕ್ಕೆಯಿಲ್ಲ, ಗರಿಯಿಲ್ಲ. ಮೇಲಕ್ಕೆ ಚಿಮ್ಮುವ ನುಣುಪಾದ ನೀಳರೂಪವದು. 1926ರಲ್ಲಿ ಅದು ಅಮೇರಿಕೆಗೆ ಬಂದಾಗ ಸುಂಕದ ಅಧಿಕಾರಿಗಳು ಅದನ್ನು ಲೋಹದ ಸಾಮಾನೆಂದು ಬಗೆದು ಶೇಕಡಾ 40ರಷ್ಟು ಸುಂಕ ಹೇರಿದರು, ಕಲಾಕೃತಿಗಳಿಗೆ ಸುಂಕವಿರಲಿಲ್ಲ. 1928ರಲ್ಲಿ ನ್ಯಾಯಾಲಯವು ಅದನ್ನು ಕಲಾಕೃತಿಯೆಂದೇ ಮನ್ನಿಸಿತು. ಶಿಲ್ಪಿಯು ಹಕ್ಕಿಯನ್ನಲ್ಲ, ಹಾರಾಟವನ್ನು ಕಡೆದಿದ್ದನು.

ಹಾಗೆಂದು ಗೀಚಿದ್ದೆಲ್ಲ ಅಮೂರ್ತ ಕಲೆಯಾಗಲಾರದು. ಸ್ವರಸಿದ್ಧಿಯಿಲ್ಲದವನು ಎಳೆದ ಸ್ವರವು ಆಲಾಪವಾಗದಷ್ಟೇ ಸತ್ಯವಿದು. ಒಂದು ಗೆರೆಯನ್ನು ಅಳಿಸಿದರೆ ಅಥವಾ ಸರಿಸಿದರೆ ಕೃತಿ ಕೆಡುವುದೋ ಇಲ್ಲವೋ ಎಂದು ನೋಡುವುದು ಒಳ್ಳೆಯ ಪರೀಕ್ಷೆ. ಏನೂ ಕೆಡದಿದ್ದಲ್ಲಿ ಆ ಗೆರೆ ಅಲ್ಲಿರಬೇಕಾದುದೇ ಅಲ್ಲ.

ಇನ್ನು ಶಾಲೆಯ ಮಾತು. ಚಿಕ್ಕ ಮಗುವು ವೃತ್ತಕ್ಕೆ ನಾಲ್ಕು ಗೆರೆ ಸೇರಿಸಿ ‘ಅವ್ವ’ ಎನ್ನುತ್ತದೆ; ಸಾರವನ್ನು ಹಿಡಿಯುವ ಶಕ್ತಿ ಅದಕ್ಕೆ ಹುಟ್ಟಿನಿಂದಲೇ ಇದೆ. ಹಲಗೆಯ ಮೇಲಿನ ಮಾವಿನಹಣ್ಣನ್ನು ಯಥಾವತ್ತಾಗಿ ನಕಲು ಮಾಡಿದವನಿಗಷ್ಟೇ ಗುಣಗಳನ್ನು ಕೊಡುತ್ತ ಬಂದರೆ ಕೆಲವೇ ವರ್ಷಗಳಲ್ಲಿ ಆ ಶಕ್ತಿ ಬತ್ತುತ್ತದೆ. ‘ನನಗೆ ಚಿತ್ರ ಬರುವುದಿಲ್ಲ’ ಎಂಬ ನಾಚಿಕೆಯೊಂದೇ ಉಳಿಯುತ್ತದೆ. ನಕಲಿನ ಅಭ್ಯಾಸವೂ ಬೇಕು; ಅದರಿಂದ ಕೈ ಪಳಗುತ್ತದೆ. ಆದರೆ ಶಾಲೆಯ ಅಂಗಳದ ಬೇವಿನ ಮರವನ್ನು ಕಂಡಂತೆ ಬರೆಯಿಸಿದ ಮೇಲೆ, ಅದನ್ನೇ ಹತ್ತು ಗೆರೆಗಳಲ್ಲಿ, ಮತ್ತೆ ಮೂರೇ ಗೆರೆಗಳಲ್ಲಿ ಬರೆಯಿಸಬೇಕು. ಏನನ್ನು ಬಿಟ್ಟೆ, ಏಕೆ ಬಿಟ್ಟೆ ಎಂದು ಕೇಳಬೇಕು. ಹೀಗೆ ಉತ್ತರಿಸಲು ಕಲಿತ ವಿದ್ಯಾರ್ಥಿಯು ಗದ್ಯದ ಸಾರಾಂಶವನ್ನೂ ಗಣಿತದ ಸೂತ್ರವನ್ನೂ ಹೆಚ್ಚು ಚೆನ್ನಾಗಿ ಗ್ರಹಿಸಬಲ್ಲನು.

ಮಧ್ಯಪ್ರದೇಶದ ಹಳ್ಳಿಯ ಶಾಲೆಯೊಂದರಲ್ಲಿ ಮನಸ್ಸು ನಿಲ್ಲದ ಹುಡುಗನಿಗಾಗಿ ಗುರುಗಳು ಗೋಡೆಯ ಮೇಲೊಂದು ಚುಕ್ಕೆಯಿಟ್ಟು ಅದನ್ನೇ ನೋಡೆಂದರು. ಆ ಹುಡುಗ ಸೈಯದ್ ಹೈದರ್ ರಝಾ (1922-2016). ದಶಕಗಳ ತರುವಾಯ ಅದೇ ಚುಕ್ಕೆ ‘ಬಿಂದು’ವಾಗಿ ಅವರ ಚಿತ್ರಗಳ ಕೇಂದ್ರವಾಯಿತು, ಆ ಗುರುವನ್ನು ಅವರು ಕೊನೆಯವರೆಗೂ ಸ್ಮರಿಸುತ್ತಿದ್ದರು. ಬಣ್ಣದ ಪೆಟ್ಟಿಗೆ, ಕಾಗದ, ಚಿತ್ರಶಾಲೆಗಳನ್ನು ದಾನಿಗಳು ಒದಗಿಸಬಲ್ಲರು. ಆ ಚುಕ್ಕೆಯನ್ನಿಡುವ ಕೆಲಸ ಮಾತ್ರ ಶಿಕ್ಷಕರದು.